ಕೀಮೋ ಮಾತ್ರೆ ಮನೆಗೆ ಬಂದಾಗ: ಕ್ಯಾಪೆಸಿಟಬಿನ್ ತೆಗೆದುಕೊಳ್ಳುವವರಿಗೂ ನೋಡಿಕೊಳ್ಳುವವರಿಗೂ ಸಮಗ್ರ ಮಾರ್ಗದರ್ಶಿ

ಸ್ತನ ಕ್ಯಾನ್ಸರ್‌ಗೋ ದೊಡ್ಡ ಕರುಳಿನ ಕ್ಯಾನ್ಸರ್‌ಗೋ ಡಾಕ್ಟರ್ ಕ್ಯಾಪೆಸಿಟಬಿನ್ ಬರೆದುಕೊಟ್ಟರೆ ಮನೆಯವರಿಗೆಲ್ಲ ಒಂದು ಸಮಾಧಾನ. ಅಡ್ಮಿಟ್ ಆಗಬೇಕಿಲ್ಲ, ದಿನಾ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ, ಇದೊಂದನ್ನೇ ತೆಗೆದುಕೊಂಡರೆ ಕೂದಲೂ ಸಾಮಾನ್ಯವಾಗಿ ಪೂರ್ತಿ ಉದುರುವುದಿಲ್ಲ. ಸಮಾಧಾನ ಪಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಮಾತ್ರೆ ಅಂದಮೇಲೆ ಇದು ಸಣ್ಣ ಕೀಮೋ ಅಂತ ಮಾತ್ರ ಅಂದುಕೊಳ್ಳಬೇಡಿ. ಡ್ರಿಪ್‌ನಲ್ಲಿ ಹೋಗುವ ಔಷಧವೇ ಇದರಿಂದಲೂ ದೇಹದೊಳಗೆ ತಯಾರಾಗುತ್ತದೆ. ಅಲ್ಲಿ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಇಲ್ಲಿ ನೀವೇ ನೋಡಿಕೊಳ್ಳಬೇಕು. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ಇದು: ತಪ್ಪದೆ ನುಂಗುವುದನ್ನು ಎಲ್ಲರೂ ಎರಡು ದಿನದಲ್ಲಿ ಕಲಿಯುತ್ತಾರೆ, ಯಾವಾಗ ನಿಲ್ಲಿಸಿ ಫೋನ್ ಮಾಡಬೇಕು ಅನ್ನೋದನ್ನು ಮೊದಲೇ ತಿಳಿದಿಟ್ಟುಕೊಳ್ಳಬೇಕು.

ನಾನು ಡಾಕ್ಟರ್ ಅಲ್ಲ. ನಮ್ಮ ಚಿಕ್ಕಮ್ಮ ಊರಿಂದ ಬಂದು ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದು ಈ ಮಾತ್ರೆ ತೆಗೆದುಕೊಂಡರು, ನೋಡಿಕೊಂಡವರಲ್ಲಿ ನಾನೂ ಒಬ್ಬಳು. ಆಗ ಓದಿದ್ದು, ಕೇಳಿ ತಿಳಿದದ್ದು, ಮಾಡಿ ನೋಡಿದ್ದು ಇಲ್ಲಿದೆ. ನಿಮ್ಮ ಡಾಕ್ಟರ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಲಿ.

ಮೊದಲು, ಇದು ಏನು ಮಾಡುತ್ತದೆ

ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರಿ ಲಿವರ್‌ಗೆ ಹೋಗುತ್ತದೆ. ಅಲ್ಲಿಂದ ಶುರುವಾಗಿ ಮೂರು ಹಂತದಲ್ಲಿ ಬದಲಾಗುತ್ತದೆ. ಕೊನೆಯ ಹಂತದಲ್ಲಿ ಥೈಮಿಡಿನ್ ಫಾಸ್ಫೊರಿಲೇಸ್ ಅನ್ನುವ ಕಿಣ್ವ ಅದನ್ನು 5-ಎಫ್‌ಯು ಆಗಿ ಮಾಡುತ್ತದೆ. 5-ಎಫ್‌ಯು ಅಂದರೆ ಫ್ಲೋರೋಯುರಾಸಿಲ್, ದಶಕಗಳಿಂದ ಡ್ರಿಪ್‌ನಲ್ಲಿ ಕೊಡುತ್ತಿರುವ ಹಳೆಯ ಕೀಮೋ ಔಷಧ. ಆ ಕಿಣ್ವ ಎಷ್ಟೋ ಗಡ್ಡೆಗಳಲ್ಲಿ ಸುತ್ತಲಿನ ಭಾಗಕ್ಕಿಂತ ಜಾಸ್ತಿ ಇರುವುದರಿಂದ ಔಷಧವೂ ಅಲ್ಲೇ ಜಾಸ್ತಿ ತಯಾರಾಗುತ್ತದೆ. ಆದರೆ ಅಲ್ಲಿ ಮಾತ್ರ ಅಲ್ಲ. ಬಾಯಿಯ ಒಳಪದರ, ಕರುಳಿನ ಒಳಪದರ, ಚರ್ಮ, ಮೂಳೆಯ ಮಜ್ಜೆ, ಹೀಗೆ ಬೇಗ ಬೇಗ ಹೊಸ ಜೀವಕೋಶ ಹುಟ್ಟುವ ಕಡೆಗಳಲ್ಲೆಲ್ಲ ಅದರ ಬಿಸಿ ತಟ್ಟುತ್ತದೆ. ಮುಂದೆ ಬರುವ ತೊಂದರೆಗಳೆಲ್ಲ ಈ ಜಾಗಗಳಲ್ಲೇ ಯಾಕೆ ಅನ್ನೋದು ಇದರಿಂದ ಅರ್ಥವಾಗುತ್ತದೆ.

ಅಮೆರಿಕದಲ್ಲಿ 1998ರಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗೆ, 2001ರಲ್ಲಿ ಹರಡಿದ ಕರುಳಿನ ಕ್ಯಾನ್ಸರ್‌ಗೆ, 2005ರಲ್ಲಿ ಕರುಳಿನ ಆಪರೇಷನ್ ಆದಮೇಲೆ ಕೊಡಲು ಇದಕ್ಕೆ ಅನುಮತಿ ಸಿಕ್ಕಿತು. ರೋಶ್ ಕಂಪನಿಯ ಝೆಲೋಡಾ ಇದರ ಮೊದಲ ಬ್ರ್ಯಾಂಡ್. ಈಗ ಭಾರತದ ಹಲವು ಕಂಪನಿಗಳು ಮಾಡುತ್ತವೆ. ಹಾಗಾಗಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಹೆಸರು ಬೇರೆ ಇದ್ದರೆ ಗಾಬರಿಯಾಗಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಯಾಪೆಸಿಟಬಿನ್ ಅಂತ ಇದೆಯಾ, 500 ಮಿಲಿಗ್ರಾಂ ಇದೆಯಾ ಅಥವಾ 150 ಇದೆಯಾ, ಅದನ್ನು ನೋಡಿ.

ಶುರು ಮಾಡುವ ಮೊದಲು ಡಾಕ್ಟರ್‌ಗೆ ಹೇಳಲೇಬೇಕಾದ್ದು

ಬ್ಲಡ್ ಕೌಂಟ್, ಲಿವರ್, ಕಿಡ್ನಿ ಟೆಸ್ಟ್ ಅವರೇ ಮಾಡಿಸುತ್ತಾರೆ. ಕಿಡ್ನಿ ಸ್ವಲ್ಪ ಸೊರಗಿದ್ದರೆ ಡೋಸ್ ಕಡಿಮೆ ಮಾಡುತ್ತಾರೆ, ತುಂಬಾ ಸೊರಗಿದ್ದರೆ ಈ ಮಾತ್ರೆಯನ್ನೇ ಕೊಡುವುದಿಲ್ಲ. ನಿಮ್ಮ ಕೆಲಸ ಬೇರೆ. ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟುಕೊಂಡು ಹೇಳುತ್ತೇನೆ ಅಂದರೆ ಒಂದೆರಡು ಬಿಟ್ಟೇ ಹೋಗುತ್ತವೆ.

ಅದರಲ್ಲಿ ನಾಲ್ಕರ ಮೇಲೆ ವಿಶೇಷ ಗಮನ ಇರಲಿ. ರಕ್ತ ತೆಳು ಮಾಡುವ ವಾರ್ಫರಿನ್: ಕ್ಯಾಪೆಸಿಟಬಿನ್ ಜೊತೆ ಸೇರಿದರೆ ರಕ್ತಸ್ರಾವ ಆಗುವ ಅಪಾಯ ಬಹಳ ಹೆಚ್ಚುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್: ಅದರ ಮಟ್ಟ ರಕ್ತದಲ್ಲಿ ಏರಿಬಿಡಬಹುದು. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್: ಇದು ಕೀಮೋದ ಕೆಲಸವನ್ನೇ ಕುಗ್ಗಿಸಬಹುದು. ನಾಲ್ಕನೆಯದು ಯಾರೂ ಅನುಮಾನ ಪಡದ ಫೋಲಿಕ್ ಆಸಿಡ್. ನಮ್ಮಲ್ಲಿ ಬಾಯಿ ಹುಣ್ಣು ಆದ ತಕ್ಷಣ ಮೆಡಿಕಲ್ ಶಾಪ್‌ಗೆ ಹೋಗಿ ಬಿ-ಕಾಂಪ್ಲೆಕ್ಸ್ ತರುವುದು ರೂಢಿ, ಅಲ್ವಾ? ಎಷ್ಟೋ ಬಿ-ಕಾಂಪ್ಲೆಕ್ಸ್ ಮಾತ್ರೆಗಳಲ್ಲಿ ಫೋಲಿಕ್ ಆಸಿಡ್ ಸೇರಿರುತ್ತದೆ, ಅದು ಕ್ಯಾಪೆಸಿಟಬಿನ್‌ನ ವಿಷಗುಣವನ್ನು ಹೆಚ್ಚಿಸುತ್ತದೆ. ಅಂದರೆ ಕೀಮೋದಿಂದ ಆದ ಹುಣ್ಣಿಗೆ ಅಂತ ತೆಗೆದುಕೊಂಡ ಮಾತ್ರೆಯೇ ಹುಣ್ಣನ್ನು, ಭೇದಿಯನ್ನು ಇನ್ನೂ ಜೋರು ಮಾಡಬಹುದು. ಡಾಕ್ಟರನ್ನು ಕೇಳದೆ ಯಾವ ವಿಟಮಿನ್ನೂ ಬೇಡ. ಕಷಾಯ, ಚೂರ್ಣ, ನಾಟಿ ಔಷಧ ಏನೇ ಇದ್ದರೂ ಮುಚ್ಚಿಡಬೇಡಿ, ಬೈಯುತ್ತಾರೆ ಅನ್ನೋ ಭಯಕ್ಕೆ ಹೇಳದೆ ಉಳಿದರೆ ತೊಂದರೆ ಆಗುವುದು ನಮಗೇ.

ಹೃದಯದ ತೊಂದರೆ ಹಿಂದೆ ಇದ್ದಿದ್ದರೆ ಹೇಳಿ. ಮಗು ಆಗುವ ವಯಸ್ಸಿನವರಾದರೆ ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಮೇಲೂ ಹೆಂಗಸರು 6 ತಿಂಗಳು, ಗಂಡಸರು 3 ತಿಂಗಳು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಎದೆಹಾಲು ಕುಡಿಸುವ ಹಾಗಿಲ್ಲ.

ಇನ್ನೊಂದು ಪ್ರಶ್ನೆ ನೀವೇ ಬಾಯಿಬಿಟ್ಟು ಕೇಳಿ: ಡಿಪಿಡಿ ಟೆಸ್ಟ್ ಮಾಡಿಸಬೇಕಾ? 5-ಎಫ್‌ಯು ಅನ್ನು ಒಡೆದು ದೇಹದಿಂದ ಹೊರಹಾಕುವ ಕಿಣ್ವಕ್ಕೆ ಡಿಪಿಡಿ ಅಂತ ಹೆಸರು. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ, ತೀರಾ ಅಪರೂಪಕ್ಕೆ ಇಲ್ಲವೇ ಇಲ್ಲ. ಅಂಥವರಿಗೆ ಮಾಮೂಲಿ ಡೋಸ್ ಕೂಡ ಪ್ರಾಣಕ್ಕೆ ಕುತ್ತು ತರಬಹುದು. ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಚಿಕಿತ್ಸೆಗೆ ಮೊದಲು ಈ ಪರೀಕ್ಷೆ ಮಾಡಿಸಿ ಅಂತ ಹೇಳಿತು. ಮಾಡಿಸಬೇಕೋ ಬೇಡವೋ ಡಾಕ್ಟರ್ ಹೇಳಲಿ, ಕೇಳುವುದು ನಿಮ್ಮ ಹಕ್ಕು. ಟೆಸ್ಟ್ ಮಾಡಿಸದೆ ಶುರು ಮಾಡಿದವರು ಮೊದಲ ಸೈಕಲ್‌ನಲ್ಲಿ, ಅಂದರೆ ಮಾತ್ರೆಯ ದಿನಗಳೂ ಬಿಡುವೂ ಸೇರಿದ ಮೊದಲ ಸುತ್ತಿನಲ್ಲಿ, ಎರಡು ಪಟ್ಟು ಎಚ್ಚರವಾಗಿರಿ. ಮೊದಲ ಕೆಲವೇ ದಿನಗಳಲ್ಲಿ ಜೋರು ಭೇದಿ, ಬಾಯಿ ತುಂಬ ಹುಣ್ಣು ಬಂದರೆ ಅದನ್ನು ಮಾಮೂಲಿ ಅಂದುಕೊಳ್ಳಬಾರದು.

ಮಾತ್ರೆ ಲೆಕ್ಕ

ಡೋಸ್ ನಿರ್ಧಾರ ಆಗುವುದು ಎತ್ತರ, ತೂಕ ಎರಡೂ ಸೇರಿಸಿ ಲೆಕ್ಕ ಹಾಕಿದ ದೇಹದ ಮೇಲ್ಮೈ ಅಳತೆಯಿಂದ. ಇದೊಂದನ್ನೇ ಕೊಡುವಾಗ ಪುಸ್ತಕದ ಡೋಸ್ ಪ್ರತಿ ಚದರ ಮೀಟರ್‌ಗೆ 1250 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 14 ದಿನ. ಆಮೇಲೆ 7 ದಿನ ಬಿಡುವು. ಈ 21 ದಿನಕ್ಕೆ ಒಂದು ಸೈಕಲ್. ಉದಾಹರಣೆಗೆ 1.6 ಚದರ ಮೀಟರ್ ಇರುವವರಿಗೆ ಒಂದು ಹೊತ್ತಿಗೆ 2000 ಮಿಲಿಗ್ರಾಂ, ಅಂದರೆ 500ರ ಮಾತ್ರೆ ಬೆಳಿಗ್ಗೆ 4, ರಾತ್ರಿ 4. ಒಂದು ಸೈಕಲ್‌ಗೆ 112 ಮಾತ್ರೆ. ನೋಡಿ ಹೆದರಬೇಡಿ, ಈ ಔಷಧದಲ್ಲಿ ಇಷ್ಟು ಮಾತ್ರೆ ಸಹಜವೇ. ವಯಸ್ಸು, ಶಕ್ತಿ ನೋಡಿ ಡಾಕ್ಟರ್‌ಗಳು ಇದಕ್ಕಿಂತ ಕಡಿಮೆಯಲ್ಲಿ ಶುರು ಮಾಡುವುದೂ ಸಾಮಾನ್ಯ. ಆಕ್ಸಾಲಿಪ್ಲಾಟಿನ್ ಅನ್ನುವ ಇನ್ನೊಂದು ಕೀಮೋ ಡ್ರಿಪ್ ಜೊತೆ ಕೊಡುವಾಗ 1000ಕ್ಕೆ ಇಳಿಸುತ್ತಾರೆ. ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ಕೊಡುವಾಗ ಸುಮಾರು 825, ಅದೂ ಬಹಳ ಕಡೆ ರೇಡಿಯೇಷನ್ ಇರುವ ದಿನಗಳಲ್ಲಿ ಮಾತ್ರ. ಹಾಗಾಗಿ ಪಕ್ಕದ ಬೆಡ್‌ನವರಿಗೆ ಎಷ್ಟು ಮಾತ್ರೆ ಅಂತ ಕೇಳಿ ನಿಮ್ಮದಕ್ಕೆ ಹೋಲಿಸಬೇಡಿ.

ಡ್ರಿಪ್ ಹಾಕಿದ ದಿನ ರಾತ್ರಿಯಿಂದ ಮಾತ್ರೆ ಶುರು ಮಾಡಿಸುವ ಪದ್ಧತಿಯೂ ಇದೆ, ಆಗ ಅದು 15ನೇ ದಿನ ಬೆಳಿಗ್ಗೆ ಮುಗಿಯುತ್ತದೆ. ದಿನ ಎಣಿಸುವುದಕ್ಕಿಂತ ಹೊತ್ತು ಎಣಿಸಿ. 28 ಹೊತ್ತು. ಗೋಡೆ ಕ್ಯಾಲೆಂಡರ್‌ನಲ್ಲಿ ಪ್ರತಿ ತಾರೀಖಿನ ಚೌಕಕ್ಕೂ ಓರೆಯಾಗಿ ಒಂದು ಗೆರೆ ಎಳೆದು ಎರಡು ಮಾಡಿ, ಮೇಲೆ ಬೆಳಿಗ್ಗೆಯದು, ಕೆಳಗೆ ರಾತ್ರಿಯದು. ನುಂಗಿದ ಮೇಲೆ ಟಿಕ್ ಹಾಕಿ, ಮೊದಲೇ ಹಾಕಬೇಡಿ. ಬಿಡುವಿನ 7 ದಿನಕ್ಕೆ ಕೆಂಪು ಪೆನ್ನಲ್ಲಿ ಅಡ್ಡ ಗೆರೆ ಎಳೆದುಬಿಡಿ. ಮನೆಯಲ್ಲಿ ಕೊಡುವವರು ಇಬ್ಬರು ಮೂವರಿದ್ದರೆ ಈ ಕ್ಯಾಲೆಂಡರ್ ಒಂದೇ ಎರಡೆರಡು ಸಲ ಕೊಡದಂತೆ ಕಾಪಾಡುತ್ತದೆ. ಬಿಡುವಿನ ವಾರದಲ್ಲೂ ಪಾಪ, ಮರೆತಿದ್ದೀವೇನೋ ಅಂತ ಕೊಟ್ಟುಬಿಡುವ ಅಪಾಯವೂ ಇರುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ

ಒಂದೇ ಔಷಧ, ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೆಲೆ ತುಂಬಾ ಬೇರೆ. ಆಸ್ಪತ್ರೆಯ ಫಾರ್ಮಸಿಯಲ್ಲೇ ತಗೊಳ್ಳಬೇಕು ಅಂತೇನಿಲ್ಲ. ಕ್ಯಾಪೆಸಿಟಬಿನ್ ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಹತ್ತಿರದ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಸ್ಟಾಕ್ ಇಲ್ಲದಿದ್ದರೆ ತರಿಸಿಕೊಡುತ್ತಾರಾ ಅಂತ ನಾಲ್ಕು ದಿನ ಮೊದಲೇ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಹೊಸೂರು ರಸ್ತೆಯ ಕಿದ್ವಾಯಿಗೆ ಹೋಗುವವರು ರೇಷನ್ ಕಾರ್ಡ್, ಆಧಾರ್ ಮೂಲಪ್ರತಿ ಜೊತೆ ನಾಲ್ಕೈದು ಜೆರಾಕ್ಸ್ ಇಟ್ಟುಕೊಂಡೇ ಹೋಗಿ.

ದಿನದ ಕ್ರಮ

ಬೆಳಿಗ್ಗೆ ತಿಂಡಿ ಆದ ಅರ್ಧ ಗಂಟೆಯೊಳಗೆ, ರಾತ್ರಿ ಊಟ ಆದ ಅರ್ಧ ಗಂಟೆಯೊಳಗೆ. ನಡುವೆ ಸುಮಾರು 12 ಗಂಟೆ. ನೀರಿನಲ್ಲೇ ನುಂಗಬೇಕು, ಕಾಫಿಯಲ್ಲಿ, ಜ್ಯೂಸ್‌ನಲ್ಲಿ ಬೇಡ. ಬೆಂಗಳೂರಿನ ಮನೆಗಳಲ್ಲಿ ತೊಡಕಾಗುವುದು ಇಲ್ಲೇ. ತಿಂಡಿ ಒಂಬತ್ತಕ್ಕೆ, ಊಟ ಹತ್ತಕ್ಕೆ, ಅದೂ ಆಫೀಸಿನವರು ಟ್ರಾಫಿಕ್ ದಾಟಿ ಬಂದಮೇಲೆ. ರೋಗಿಯ ಊಟವನ್ನು ಮನೆಯವರ ಊಟದಿಂದ ಬೇರೆ ಮಾಡಿಬಿಡಿ. ಎಂಟಕ್ಕೆ ಇಡ್ಲಿಯೋ ಉಪ್ಪಿಟ್ಟೋ, ಎಂಟೂಕಾಲಿಗೆ ಮಾತ್ರೆ. ರಾತ್ರಿಯೂ ಹಾಗೇ, ಅನ್ನ ಸಾರು ತಿಂದು ಎಂಟೂಕಾಲಿಗೆ. ಶನಿವಾರ ಒಪ್ಪತ್ತು, ಏಕಾದಶಿ ಉಪವಾಸ ಮಾಡುವ ಹಿರಿಯರಿದ್ದರೆ ಈ 14 ದಿನ ಬೇಡ ಅಂತ ಪ್ರೀತಿಯಿಂದ ಹೇಳಿ ಒಪ್ಪಿಸಿ. ಬರೀ ಹಾಲು ಕುಡಿದು ಮಾತ್ರೆ ನುಂಗಿದರೆ ಊಟ ಮಾಡಿದ ಹಾಗಾಗುವುದಿಲ್ಲ.

ಮಾತ್ರೆ ಮುರಿಯಬಾರದು, ಪುಡಿ ಮಾಡಬಾರದು. ನುಂಗಲು ಕಷ್ಟವಾದರೆ ಡಾಕ್ಟರ್‌ಗೆ ತಿಳಿಸಿ. ಒಂದು ಹೊತ್ತು ಮರೆತರೆ ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಮಾಮೂಲಿ ಡೋಸ್ ಅಷ್ಟೇ. ನುಂಗಿದ ಮೇಲೆ ವಾಂತಿಯಾದರೂ ಮತ್ತೆ ಕೊಡಬೇಡಿ. ಡಾಕ್ಟರ್ ನಿಲ್ಲಿಸಿ ಅಂದಾಗ ತಪ್ಪಿದ ಮಾತ್ರೆಗಳನ್ನು ಆಮೇಲೆ ಸೇರಿಸಿ ತೀರಿಸುವ ಹಾಗೂ ಇಲ್ಲ.

ಕೊಡುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಇಲ್ಲವೇ ಸ್ಟ್ರಿಪ್‌ನಿಂದ ನೇರ ಸಣ್ಣ ಬಟ್ಟಲಿಗೆ ಒತ್ತಿ ಹಾಕಿ ಅವರ ಕೈಗೆ ಕೊಡಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬಸುರಿ ಹೆಂಗಸರು ಇದನ್ನು ಮುಟ್ಟಲೇಬಾರದು. ಬಿಪಿ, ಶುಗರ್ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಬೆರೆಸಬೇಡಿ. ಗ್ಯಾಸ್ ಒಲೆಯ ಮೇಲಿನ ಶೆಲ್ಫ್, ಬಚ್ಚಲು ಮನೆ ಎರಡೂ ಬೇಡ, ಒಣಗಿದ ತಣ್ಣನೆಯ ಕಪಾಟು ಸಾಕು. ಮಕ್ಕಳ ಕೈಗೆ ಎಟುಕಬಾರದು.

ಕೈ ಮತ್ತು ಕಾಲು

ಬಹಳ ಜನರನ್ನು ಕಾಡುವುದು ಇದೇ. ಅಂಗೈ, ಅಂಗಾಲು ಕೆಂಪಾಗುತ್ತವೆ, ಜುಮ್ಮೆನ್ನುತ್ತವೆ, ಉರಿಯುತ್ತವೆ, ಆಮೇಲೆ ಸಿಪ್ಪೆ ಸುಲಿಯುತ್ತದೆ. ಇದಕ್ಕೆ ಹ್ಯಾಂಡ್ ಫುಟ್ ಸಿಂಡ್ರೋಮ್ ಅಂತಾರೆ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಚೆನ್ನಾಗಿ ಕಾಣುವುದಿಲ್ಲ, ಕಪ್ಪಾಗುವುದೇ ಮೊದಲು ಕಾಣಬಹುದು. ಆದ್ದರಿಂದ ಬಣ್ಣ ನೋಡಿ ಸುಮ್ಮನಾಗದೆ ದಿನಾ ಬಾಯಿಬಿಟ್ಟು ಕೇಳಿ: ಲೋಟ ಹಿಡಿದರೆ ಬಿಸಿ ಜಾಸ್ತಿ ಅನ್ನಿಸುತ್ತಾ, ಬರಿಗಾಲಲ್ಲಿ ನಡೆದರೆ ನೋಯುತ್ತಾ, ಸೆರಗಿಗೆ ಪಿನ್ ಹಾಕಲು ಆಗುತ್ತಾ. ನಮ್ಮ ಚಿಕ್ಕಮ್ಮ ಏನೂ ಇಲ್ಲ ಅಂತಲೇ ಹೇಳುತ್ತಿದ್ದರು. ಚಪಾತಿ ಹಿಟ್ಟು ನಾದುವಾಗ ಅಂಗೈ ಬಿಟ್ಟು ಬರೀ ಮುಷ್ಟಿಯ ಹಿಂಭಾಗದಲ್ಲಿ ಒತ್ತುತ್ತಿದ್ದುದನ್ನು ನೋಡಿದಮೇಲೇ ನಮಗೆ ಗೊತ್ತಾಗಿದ್ದು. ನಮ್ಮ ಹೆಂಗಸರು ನೋವನ್ನು ಹೇಳುವುದಿಲ್ಲ, ಕೆಲಸ ಮಾಡುವ ರೀತಿ ಬದಲಾಯಿಸಿಕೊಳ್ಳುತ್ತಾರೆ. ಅದನ್ನು ಗಮನಿಸಿ.

ಮೊದಲ ದಿನದಿಂದಲೇ ಕ್ರೀಮ್ ಹಚ್ಚಿ, ಒಡೆಯಲಿ ಅಂತ ಕಾಯಬೇಡಿ. ಶೇ. 10 ಯೂರಿಯಾ ಇರುವ ಕ್ರೀಮ್ ಡಾಕ್ಟರ್‌ಗಳು ಸಾಮಾನ್ಯವಾಗಿ ಬರೆಯುತ್ತಾರೆ. ಸ್ನಾನ ಆದಮೇಲೆ, ಮಲಗುವ ಮೊದಲು ಹಚ್ಚಿ, ರಾತ್ರಿ ಮೇಲೊಂದು ಕಾಟನ್ ಕಾಲುಚೀಲ. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಬಗ್ಗೆಯೂ ಕೇಳಿ. ದೆಹಲಿಯ ಏಮ್ಸ್‌ನಲ್ಲಿ ಕ್ಯಾಪೆಸಿಟಬಿನ್ ತೆಗೆದುಕೊಳ್ಳುತ್ತಿದ್ದವರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 1ರ ಈ ಜೆಲ್ಲನ್ನು ದಿನಕ್ಕೆ ಎರಡು ಸಲ ಹಚ್ಚಿದವರಲ್ಲಿ ಮಧ್ಯಮ ಮತ್ತು ತೀವ್ರ ಮಟ್ಟದ ತೊಂದರೆ ಶೇ. 3.8, ಔಷಧ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ. 15 ಕಂಡಿತು. ಇಷ್ಟು ಸುಲಭವಾಗಿ ಸಿಗುವ ವಸ್ತು ಇಷ್ಟು ಕೆಲಸ ಮಾಡುತ್ತದೆ ಅನ್ನೋದು ನನಗೆ ಬಹಳ ಸಂತೋಷ ಕೊಟ್ಟ ವಿಷಯ. ಆದರೂ ಕಿಡ್ನಿ, ಅಲರ್ಜಿ ತೊಂದರೆ ಇರಬಹುದು, ಕೇಳಿಯೇ ಹಚ್ಚಿ.

ಉಜ್ಜಾಟ, ಒತ್ತಡ, ಬಿಸಿ, ಈ ಮೂರನ್ನು ಕಡಿಮೆ ಮಾಡಬೇಕು. ಪಾತ್ರೆ ಉಜ್ಜುವುದು, ಬಟ್ಟೆ ಒಗೆಯುವುದು, ಬಿಸಿ ಬಾಣಲೆ ಬಟ್ಟೆಯಲ್ಲಿ ಹಿಡಿದು ಇಳಿಸುವುದು, ಹಸಿಮೆಣಸಿನಕಾಯಿ ಹೆಚ್ಚುವುದು ಬೇರೆಯವರ ಪಾಲಿಗೆ. ಸ್ನಾನಕ್ಕೆ ಹಬೆಯಾಡುವ ನೀರು ಬೇಡ, ಉಗುರು ಬೆಚ್ಚಗಿರಲಿ. ಹೆಬ್ಬೆರಳ ಸಂದಿಯಲ್ಲಿ ಪಟ್ಟಿ ಕೂರುವ ಹವಾಯಿ ಚಪ್ಪಲಿ ಬಿಟ್ಟು ಮೆತ್ತನೆಯ, ಅಗಲವಾದ ಚಪ್ಪಲಿ ತನ್ನಿ. ಕಾಲುಂಗುರ, ಬಿಗಿಯಾದ ಉಂಗುರ ಊತ ಬರುವ ಮೊದಲೇ ತೆಗೆದಿಡುವುದು ಒಳ್ಳೆಯದು, ಕಾಲುಂಗುರ ತೆಗೆಯಲು ಮನಸ್ಸು ಒಪ್ಪದಿದ್ದರೆ ಸಡಿಲವಾದದ್ದನ್ನು ಹಾಕಿಕೊಳ್ಳಲಿ. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಬೇಡ. ಲಾಲ್‌ಬಾಗ್‌ನಲ್ಲಿ ದೊಡ್ಡ ಸುತ್ತು ಹೊಡೆಯುವವರು ಈ ಎರಡು ವಾರ ಸಣ್ಣ ಸುತ್ತಿಗೆ ಇಳಿಸಿ. ಮೆಹೆಂದಿ ಹಚ್ಚಿದರೆ ಕೆಂಪಾಗಿದ್ದು ಗೊತ್ತೇ ಆಗುವುದಿಲ್ಲ, ಅದೂ ಸದ್ಯಕ್ಕೆ ಬೇಡ.

ಬರೀ ಜುಮ್ಮೆನ್ನುತ್ತಿದ್ದರೆ, ಸ್ವಲ್ಪ ಕೆಂಪಿದ್ದರೆ ಮುಂದುವರಿಸಬಹುದು, ಮುಂದಿನ ಭೇಟಿಯಲ್ಲಿ ತಿಳಿಸಿ. ನೋವು ಬಂದು, ಊದಿಕೊಂಡು, ದಿನದ ಕೆಲಸಕ್ಕೆ ಅಡ್ಡಿಯಾದರೆ ಆ ಹೊತ್ತಿನ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಕೆಲವು ದಿನ ನಿಲ್ಲಿಸಿ ಡೋಸ್ ಇಳಿಸಿ ಮತ್ತೆ ಶುರು ಮಾಡುತ್ತಾರೆ. ನಿಲ್ಲಿಸಿದರೆ ಕ್ಯಾನ್ಸರ್ ಬೆಳೆದುಬಿಡುತ್ತೆ ಅಂತ ಹಲ್ಲು ಕಚ್ಚಿಕೊಂಡು ನುಂಗುವವರು ಜಾಸ್ತಿ. ಹಾಗೆ ನುಂಗಿ ಗುಳ್ಳೆ ಎದ್ದು ಒಡೆದರೆ ವಾರಗಟ್ಟಲೆ ನಿಲ್ಲಿಸಬೇಕಾಗಿ ಬರುತ್ತದೆ.

ಭೇದಿ

ದಿನಕ್ಕೆ ಮಾಮೂಲಿಗಿಂತ ಒಂದೆರಡು ಸಲ ಜಾಸ್ತಿ ಆದರೆ ನೀರು, ಮಜ್ಜಿಗೆ, ಗಂಜಿ, ಮೆತ್ತಗಿನ ಅನ್ನ ಕೊಟ್ಟು ನೋಡಿ. ಮಾಮೂಲಿಗಿಂತ 4 ಸಲ ಅಥವಾ ಇನ್ನೂ ಜಾಸ್ತಿ ಹೋದರೆ, ಅಥವಾ ರಾತ್ರಿ ನಿದ್ದೆಯಿಂದ ಎದ್ದು ಹೋಗುವ ಹಾಗಾದರೆ ಮಾತ್ರೆ ನಿಲ್ಲಿಸಿ, ಆಗಲೇ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ಲೋಪೆರಮೈಡ್ ಮಾತ್ರೆ ಮನೆಯಲ್ಲಿರಲಿ, ಎಷ್ಟು ಕೊಡಬೇಕು ಅಂತ ಮೊದಲ ಭೇಟಿಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಓಆರ್‌ಎಸ್ ಪುಡಿ ತಂದಿಡಿ, ಡಬ್ಲ್ಯುಎಚ್‌ಒ ಸೂತ್ರ ಅಂತ ಪ್ಯಾಕೆಟ್ ಮೇಲೆ ಇರುವುದನ್ನೇ. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ 1 ಲೀಟರ್ ನೀರಿಗೆ, ಅಂದಾಜಿನಲ್ಲಿ ಒಂದು ಲೋಟಕ್ಕೆ ಎರಡು ಚಮಚ ಅಂತ ಹಾಕಬೇಡಿ. ಸಿಹಿ ಜಾಸ್ತಿ ಇರುವ ಪ್ಯಾಕೆಟ್ ಪಾನೀಯಗಳು ಭೇದಿಯನ್ನು ಇನ್ನೂ ಹೆಚ್ಚಿಸಬಹುದು. ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ, ಎದ್ದು ನಿಂತರೆ ತಲೆ ಸುತ್ತಿದರೆ ಆಸ್ಪತ್ರೆಗೇ ಹೋಗಬೇಕು, ಡ್ರಿಪ್ ಬೇಕಾಗುತ್ತದೆ.

ಉಳಿದವು, ತಡ ಮಾಡಬಾರದವು

ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಡೋಲೋ ನುಂಗಿ ಮಲಗುವುದಲ್ಲ. ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಕೂಡಲೇ ಫೋನ್, ಕೂಡಲೇ ಆಸ್ಪತ್ರೆ. ಎದೆ ನೋವು, ಎದೆ ಹಿಡಿದ ಹಾಗೆ ಆಗುವುದು, ಉಸಿರು ಕಟ್ಟುವುದು: ಗ್ಯಾಸ್ ಅಂತ ಈನೋ ಕುಡಿಸಬೇಡಿ. ಈ ಔಷಧ ಹೃದಯದ ರಕ್ತನಾಳವನ್ನು ಸೆಳೆತಕ್ಕೆ ಒಳಪಡಿಸಬಹುದು, ಹಿಂದೆ ಹೃದಯದ ತೊಂದರೆ ಇಲ್ಲದವರಿಗೂ. ಮಾತ್ರೆ ನಿಲ್ಲಿಸಿ, ನೇರ ಎಮರ್ಜೆನ್ಸಿಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಅಲ್ಲಿ ಹೋದ ತಕ್ಷಣ ಕ್ಯಾಪೆಸಿಟಬಿನ್ ನಡೀತಿದೆ ಅಂತ ಹೇಳಿ. ಒಂದು ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಲ ವಾಂತಿ, ಊಟ ಮಾಡಲಾಗದಷ್ಟು ಬಾಯಿ ಹುಣ್ಣು, ಕಣ್ಣು ಹಳದಿ, ಇವಕ್ಕೂ ನಿಲ್ಲಿಸಿ ಫೋನ್ ಮಾಡಿ. ಸಣ್ಣ ಹುಣ್ಣಿಗೆ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಮೆತ್ತನೆ ಬ್ರಷ್, ಖಾರ ಇಲ್ಲದ ಮೊಸರನ್ನ.

ಆಸ್ಪತ್ರೆಯ ನಂಬರ್‌ಗಳಲ್ಲಿ ರಾತ್ರಿ ಯಾರು ಎತ್ತುತ್ತಾರೆ ಅನ್ನೋದನ್ನು ಮೊದಲ ದಿನವೇ ಕೇಳಿ ಫ್ರಿಜ್ ಮೇಲೆ ಅಂಟಿಸಿ. ಊರಿಂದ ಬಂದು ಮಾತ್ರೆ ತಗೊಂಡು ವಾಪಸ್ ಹೋಗುವವರು ತಮ್ಮ ತಾಲ್ಲೂಕಿನಲ್ಲಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಅಂತಲೂ ನೋಡಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮರಿ, ಮಾತ್ರೆಯ ಚೀಟಿ ಫೋನ್‌ನಲ್ಲಿ ಫೋಟೋ ತೆಗೆದಿಡಿ.

ಬೆರಳಚ್ಚು

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಚರ್ಮ ಸುಲಿದು ಸುಲಿದು ಬೆರಳಿನ ಗೆರೆಗಳು ಮಾಸಿಹೋಗಬಹುದು. ಸಿಂಗಪುರದ ಡಾಕ್ಟರ್ ಒಬ್ಬರು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಮ್ಮ 62 ವರ್ಷದ ರೋಗಿಯ ಬಗ್ಗೆ ಬರೆದಿದ್ದರು: ಕ್ಯಾಪೆಸಿಟಬಿನ್ ತೆಗೆದುಕೊಳ್ಳುತ್ತಿದ್ದ ಅವರ ಬೆರಳಚ್ಚು ಬೀಳದೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ 4 ಗಂಟೆ ತಡೆದು ಕೂರಿಸಿದ್ದರು. ನಮಗೆ ಈ ಕಷ್ಟ ಬರುವುದು ನ್ಯಾಯಬೆಲೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಆದ್ದರಿಂದ ಮಾತ್ರೆ ಶುರುವಾಗುವ ಮೊದಲೇ ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಸೇರಿಸಿಬಿಡಿ, ಒಟಿಪಿಯಿಂದ ಬಹಳ ಕೆಲಸ ಆಗುತ್ತದೆ. ಕಣ್ಣಿನ ಪಾಪೆ, ಮುಖ ಗುರುತಿಸುವ ವ್ಯವಸ್ಥೆಯೂ ಆಧಾರ್‌ನಲ್ಲಿದೆ, ಪಿಂಚಣಿದಾರರ ಜೀವನ ಪ್ರಮಾಣ ಪತ್ರವನ್ನೂ ಮುಖ ತೋರಿಸಿ ಮೊಬೈಲ್‌ನಲ್ಲೇ ಮಾಡಬಹುದು. ಬೆರಳಚ್ಚು ಬೀಳದಿರುವುದು ಔಷಧದಿಂದ ಅಂತ ಡಾಕ್ಟರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಂಡು ರೇಷನ್ ಕಾರ್ಡ್ ಜೊತೆ ಇಡಿ.

ಬಿಡುವಿನ ವಾರ ಮತ್ತು ಉಳಿದ ಮಾತ್ರೆ

ಬಿಡುವಿನ ವಾರದಲ್ಲಿ ಕೈಕಾಲು ಮೆತ್ತಗಾಗುತ್ತವೆ, ಬಾಯಿ ರುಚಿ ಸ್ವಲ್ಪ ವಾಪಸ್ ಬರುತ್ತದೆ. ಮದುವೆ, ನಾಮಕರಣ, ಊರಿಗೆ ಹೋಗುವುದು ಏನಿದ್ದರೂ ಈ ವಾರಕ್ಕೆ ಇಟ್ಟುಕೊಳ್ಳಿ. ಮುಂದಿನ ಸೈಕಲ್‌ಗೆ ಎರಡು ದಿನ ಮೊದಲು ಮನೆ ಹತ್ತಿರದ ಲ್ಯಾಬ್‌ನಲ್ಲಿ ರಕ್ತ ಕೊಟ್ಟರೆ ರಿಪೋರ್ಟ್ ಕೈಯಲ್ಲಿ ಹಿಡಿದೇ ಡಾಕ್ಟರ್ ಹತ್ತಿರ ಹೋಗಬಹುದು, ಓಪಿಡಿಯಲ್ಲಿ ಅರ್ಧ ದಿನ ಉಳಿಯುತ್ತದೆ. ಜೊತೆಗೆ ಆ ಕ್ಯಾಲೆಂಡರ್ ಹಾಳೆಯ ಫೋಟೋ ತೋರಿಸಿ. ಭೇದಿ ಎಷ್ಟು ಸಲ, ಕೈ ನೋವು ಎಂದಿನಿಂದ ಅಂತ ಅದರಲ್ಲೇ ಬರೆದಿದ್ದರೆ ಡೋಸ್ ಸರಿಮಾಡಲು ಅವರಿಗೆ ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಡೋಸ್ ಇಳಿಸಿದಾಗ ಮಾತ್ರೆಗಳು ಉಳಿಯುತ್ತವೆ. ಮುಂದಿನ ಸೈಕಲ್‌ಗೆ ಎಣಿಸಿಕೊಂಡು ಅಷ್ಟು ಕಡಿಮೆ ಕೊಳ್ಳಿ, ಆದರೆ ಎಕ್ಸ್‌ಪೈರಿ ತಾರೀಖು ನೋಡಿ. ಚಿಕಿತ್ಸೆಯೇ ಮುಗಿದು ಉಳಿದರೆ ದುಬಾರಿ ಮಾತ್ರೆ ಅಲ್ವಾ, ಯಾರಿಗಾದರೂ ಆಗಲಿ ಅಂತ ಕೊಡುವ ಮನಸ್ಸಾಗುತ್ತದೆ. ನೇರವಾಗಿ ಇನ್ನೊಬ್ಬ ರೋಗಿಯ ಕೈಗೆ ಕೊಡಬೇಡಿ. ಕಮೋಡ್‌ಗೆ ಹಾಕಬೇಡಿ, ಹಸಿ ಕಸ ಒಣ ಕಸದ ಬಕೆಟ್‌ಗೂ ಬೇಡ, ಕಸ ವಿಂಗಡಿಸುವವರು ಬರಿಗೈಯಲ್ಲಿ ಮುಟ್ಟುತ್ತಾರೆ. ಸ್ಟ್ರಿಪ್ ಸಮೇತ ಒಂದು ಕವರ್‌ಗೆ ಹಾಕಿ, ಕೊನೆಯ ಭೇಟಿಗೆ ಹೋಗುವಾಗ ಆಸ್ಪತ್ರೆಯ ಫಾರ್ಮಸಿಗೋ ಕೀಮೋ ವಾರ್ಡಿನ ಸಿಸ್ಟರ್‌ಗೋ ಕೊಟ್ಟು ಬನ್ನಿ.